ಜಪಾನಿನ ಹಳ್ಳಿ ಶಾಲೆಗೆ ಇಂಗ್ಲಿಷ್ ಕಲಿಸಲು ಹೊರಟವರಿಗೆ: ಪಾಠದಾಚೆಯ ಪಾಠಗಳು

ನೀಗಾತಾ ಪ್ರಾಂತ್ಯದ ಆ ಸಣ್ಣ ಊರಿಗೆ ಹೋಗಿ ಎರಡು ವಾರ ಆಗಿತ್ತು. ಬೆಳಿಗ್ಗೆ ಎಲ್ಲರಂತೆ ನಾನೂ ಕಸದ ಚೀಲ ಇಟ್ಟು ಶಾಲೆಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಊರಿನವರ ಚೀಲಗಳೆಲ್ಲ ಹೋಗಿವೆ, ನನ್ನದೊಂದೇ ಚೀಟಿ ಅಂಟಿಸಿಕೊಂಡು ಕಾಗೆ ಎಳೆಯದಿರಲೆಂದು ಹಾಸಿದ ಬಲೆಯ ಕೆಳಗೆ ಕೂತಿದೆ. ನಾಚಿಕೆಯಾಗಿ, ಕತ್ತಲಾದ ಮೇಲೆ ತೆಗೆದುಕೊಂಡು ಹೋದರಾಯಿತು ಅಂದುಕೊಂಡೆ. ಕತ್ತಲಾಗುವುದರೊಳಗೆ ಪಕ್ಕದ ಮನೆಯ ಅಜ್ಜಿ ಅದನ್ನು ಬಿಚ್ಚಿ, ಬಾಟಲಿ ಬೇರೆ, ಕಾಗದ ಬೇರೆ ಮಾಡಿ, ಅಂದವಾಗಿ ಕಟ್ಟಿ ನನ್ನ ಬಾಗಿಲ ಪಕ್ಕ ಇಟ್ಟಿದ್ದರು. ಮರುದಿನ ಎದುರು ಸಿಕ್ಕಾಗ ನಗುತ್ತಾ ತಲೆಬಾಗಿದರು, ಅಷ್ಟೇ. ಒಂದು ಮಾತು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ನಮ್ಮ ಕಡೆ ತಪ್ಪು ಮಾಡಿದರೆ ದಾರಿಯಲ್ಲಿ ಹೋಗುವವರೂ ನಿಂತು ಬುದ್ಧಿ ಹೇಳುತ್ತಾರೆ. ಅಲ್ಲಿ ಹೇಳುವುದಿಲ್ಲ. ನೀವು ಕೇಳಿದರೆ ಮಾತ್ರ, ಕೈಹಿಡಿದು, ನಕ್ಷೆ ಬರೆದು, ಅಗತ್ಯಕ್ಕಿಂತ ನಾಲ್ಕು ಪಟ್ಟು ಹೆಚ್ಚು ಹೇಳಿಕೊಡುತ್ತಾರೆ. ಮೂರು ವರ್ಷ ಪ್ರೈಮರಿ ಮತ್ತು ಮಿಡ್ಲ್ ಸ್ಕೂಲುಗಳಲ್ಲಿ ಸಹಾಯಕ ಇಂಗ್ಲಿಷ್ ಟೀಚರ್ (ಅಲ್ಲಿ ಎಲ್ಲರೂ ಎಎಲ್‌ಟಿ ಅನ್ನುತ್ತಾರೆ) ಆಗಿದ್ದು ಬಂದ ಮೇಲೆ ಈಗ ಹೊರಡುವವರು ಫೋನ್ ಮಾಡಿ ಕೇಳುವುದೆಲ್ಲ ಪಾಠದ ಬಗ್ಗೆ. ಪಾಠ ಹೇಗೋ ಆಗುತ್ತದೆ. ಉಳಿದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು: ಹೊರಡುವ ಮುಂಚಿನ ಕಾಗದಪತ್ರ

ಸರ್ಕಾರಿ ಶಾಲೆಯಲ್ಲಿ ಕಲಿಸುವವರಿಗೆ ಸಿಗುವುದು ‘ಬೋಧಕ’ ವೀಸಾ. ಇಂಗ್ಲಿಷ್ ಕಲಿಸಲು ಈ ವೀಸಾ ಬೇಕೆಂದರೆ ಕನಿಷ್ಠ 12 ವರ್ಷ ಇಂಗ್ಲಿಷ್ ಮಾಧ್ಯಮದಲ್ಲಿ ಓದಿರಬೇಕು. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿ ಪಿಯುಸಿಯಿಂದ ಇಂಗ್ಲಿಷಿಗೆ ಬಂದವರು 2, 3, 2 ಎಂದು ಪಿಯುಸಿ, ಡಿಗ್ರಿ, ಎಂಎ ಎಲ್ಲ ಕೂಡಿಸಿದರೂ 7 ಆಗುತ್ತದೆ. ಇದು ತಿಳಿಯದೆ ಏಜೆಂಟರಿಗೆ ದುಡ್ಡು ಕಟ್ಟಿದವರನ್ನು ನೋಡಿದ್ದೇನೆ. ಖಾಸಗಿ ಸಂಭಾಷಣಾ ಶಾಲೆಗಳ ವೀಸಾ ಬೇರೆ ಬಗೆಯದು, ಅಂಥವರು ಆ ದಾರಿ ವಿಚಾರಿಸಬಹುದು. ಇಂಗ್ಲಿಷ್ ಮಾಧ್ಯಮದಲ್ಲೇ ಓದಿದವರು ಪ್ರತಿ ಶಾಲೆಯಿಂದ ‘ಬೋಧನಾ ಮಾಧ್ಯಮ ಇಂಗ್ಲಿಷ್’ ಎಂಬ ಪತ್ರವನ್ನು ಈಗಲೇ ಬರೆಸಿಕೊಳ್ಳಿ. ಹಳೆಯ ಸ್ಕೂಲಿನ ಗುಮಾಸ್ತರ ಹಿಂದೆ ತಿರುಗಲು ಒಂದು ತಿಂಗಳಾದರೂ ಬೇಕು.

ಆಮೇಲೆ ಹೆಸರು. ನಮ್ಮಲ್ಲಿ ಬಹಳ ಜನರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರಿನ ಹೆಸರು ಸೇರಿಸಿ ಉದ್ದಕ್ಕೆ ಬರೆದಿರುತ್ತಾರೆ. ಜಪಾನಿನ ಪ್ರತಿ ಅರ್ಜಿಯಲ್ಲೂ ಮನೆತನದ ಹೆಸರೇ ಮೊದಲು, ಅದೂ ಕತಕಾನಾ ಲಿಪಿಯಲ್ಲಿ. ಆ ಲಿಪಿಯಲ್ಲಿ ಲಕಾರ ಇಲ್ಲ. ಲತಾ ಎಂದರೂ ರತಾ ಎಂದರೂ ಒಂದೇ ಅಕ್ಷರ. ನಿಮ್ಮ ಹೆಸರನ್ನು ಕತಕಾನಾದಲ್ಲಿ ಹೇಗೆ ಬರೆಯುವುದು ಎಂದು ವಿಮಾನ ಹತ್ತುವ ಮುಂಚೆಯೇ ತೀರ್ಮಾನಿಸಿ, ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಬ್ಯಾಂಕು, ಮೊಬೈಲು, ವಿಮೆ ಎಲ್ಲ ಕಡೆ ಅದೇ ಕಾಗುಣಿತ ಇರಲಿ. ಒಂದು ದೀರ್ಘ ಹೆಚ್ಚು ಕಮ್ಮಿಯಾಗಿದ್ದಕ್ಕೆ ನನ್ನ ಮೊಬೈಲ್ ಬಿಲ್ಲು ಬ್ಯಾಂಕಿನಿಂದ ಎರಡು ತಿಂಗಳು ಕಡಿತವಾಗಲಿಲ್ಲ.

ಪೆಟ್ಟಿಗೆಗೆ ಏನು ಹಾಕಬೇಕು ಅನ್ನುವುದಕ್ಕಿಂತ ಏನು ಹಾಕಬಾರದು ಅನ್ನುವುದು ಮುಖ್ಯ. ಅಲ್ಲಿಯ ಕರೆಂಟು 100 ವೋಲ್ಟ್. ನಮ್ಮ ಮಿಕ್ಸಿ ಅಲ್ಲಿ ಮೆಲ್ಲಗೆ ನರಳುತ್ತದೆ, ತಿರುಗುವುದಿಲ್ಲ. ಹಸಿ ಕರಿಬೇವು, ಹಣ್ಣು, ತರಕಾರಿ ಬೇಡ, ಸರ್ಕಾರಿ ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ. ವೈದ್ಯರು ಬರೆದುಕೊಟ್ಟ ಮಾತ್ರೆಗಳು ಒಂದು ತಿಂಗಳಿಗಾಗುವಷ್ಟು ಮಾತ್ರ. ಹೆಚ್ಚು ಬೇಕಿದ್ದರೆ ಮುಂಚೆಯೇ ಅರ್ಜಿ ಹಾಕಿ ಅನುಮತಿ ಪತ್ರ ತರಿಸಿಕೊಳ್ಳಬೇಕು. ಕೋಡೀನ್ ಅಥವಾ ಸೂಡೋಎಫೆಡ್ರಿನ್ ಇರುವ ಕೆಮ್ಮು ನೆಗಡಿ ಔಷಧಿಗಳಿಗೆ ಅಲ್ಲಿ ಬಿಗಿ ಕಾನೂನಿದೆ, ಮನೆಯಲ್ಲೇ ಬಿಟ್ಟುಬಿಡಿ. ಹುಳಿಪುಡಿ, ಸಾರಿನಪುಡಿ, ಮೆಂತ್ಯ, ಇಂಗು ತುಂಬಿಸಿಕೊಳ್ಳಿ. ಮೈಸೂರು ಸ್ಯಾಂಡಲ್ ಸೋಪು ಹತ್ತು ಹದಿನೈದು ಇರಲಿ, ಯಾಕೆಂದು ಮುಂದೆ ಹೇಳುತ್ತೇನೆ.

ಸಂಬಳ ಸಾಮಾನ್ಯವಾಗಿ ಮುಂದಿನ ತಿಂಗಳ ಕೊನೆಗೆ ಬರುತ್ತದೆ. ಅಂದರೆ ಏಪ್ರಿಲ್ ಕೆಲಸದ ದುಡ್ಡು ಮೇ ಕೊನೆಗೆ. ಆ ಎರಡು ತಿಂಗಳ ಖರ್ಚು ಮತ್ತು ಮನೆಗೆ ಕೂರುವ ಖರ್ಚು ಕೈಯಲ್ಲಿರಬೇಕು. ಶಿಕಿಕಿನ್ ಎಂದರೆ ನಮ್ಮ ಅಡ್ವಾನ್ಸ್ ಇದ್ದ ಹಾಗೆ. ರೇಕಿನ್ ಎಂದರೆ ಮಾಲೀಕರಿಗೆ ಕೊಡುವ, ವಾಪಸ್ ಬರದ ಕಾಣಿಕೆ. ಮೇಲೆ ಬ್ರೋಕರ್ ಕಮಿಷನ್, ಜಾಮೀನು ಕಂಪನಿಯ ಶುಲ್ಕ. ಎಲ್ಲ ಸೇರಿದರೆ ನಾಲ್ಕೈದು ತಿಂಗಳ ಬಾಡಿಗೆ ಒಂದೇ ಏಟಿಗೆ ಹೋಗಬಹುದು. ನಿಮ್ಮನ್ನು ಕೆಲಸಕ್ಕೆ ಕಳಿಸುವ ಕಂಪನಿಯೇ ಮನೆ ಕೊಡುತ್ತದೆಯೇ ಎಂದು ಕರಾರಿಗೆ ಸಹಿ ಹಾಕುವ ಮೊದಲು ಕೇಳಿ. ಆಗಸ್ಟ್ ರಜೆಯಲ್ಲಿ ಸಂಬಳ ಪೂರ್ತಿ ಬರುತ್ತದೆಯೇ ಎಂಬುದನ್ನೂ ಕೇಳಿ. ನಾನು ಕೇಳಿರಲಿಲ್ಲ. ಮೊದಲ ಆಗಸ್ಟಿನಲ್ಲಿ ಅರ್ಧ ಬಂತು.

ಮೊದಲ 14 ದಿನ

ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಇಳಿದ ಕೂಡಲೇ ವಾಸದ ಕಾರ್ಡು ಕೈಗೆ ಕೊಡುತ್ತಾರೆ. ಮನೆ ಸೇರಿದ 14 ದಿನದೊಳಗೆ ಊರಿನ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ನಮ್ಮ ತಾಲ್ಲೂಕು ಆಫೀಸಿನ ನೆನಪಿನಲ್ಲಿ ಇಡೀ ದಿನ ರಜೆ ಹಾಕಬೇಡಿ, ನಲವತ್ತು ನಿಮಿಷದ ಕೆಲಸ. ಆದರೆ ಆ ನಲವತ್ತು ನಿಮಿಷದಲ್ಲಿ ಮೂರು ಕೆಲಸ ಮುಗಿಸಿಕೊಳ್ಳಿ: ವಿಳಾಸ, ಆರೋಗ್ಯ ವಿಮೆ (ಕಂಪನಿಯ ವಿಮೆ ಇಲ್ಲದವರಿಗೆ), ಮತ್ತು ಕಸದ ಕ್ಯಾಲೆಂಡರ್. ವಿಮೆಯಿದ್ದರೆ ಆಸ್ಪತ್ರೆ ಬಿಲ್ಲಿನಲ್ಲಿ ನೀವು ಕಟ್ಟುವುದು ಶೇ. 30 ಮಾತ್ರ. 12 ಅಂಕಿಯ ‘ಮೈ ನಂಬರ್’ ಆಮೇಲೆ ಅಂಚೆಯಲ್ಲಿ ಬರುತ್ತದೆ. ನಮ್ಮ ಆಧಾರ್ ಇದ್ದ ಹಾಗೆ ಅಂತ ಸಿಕ್ಕಸಿಕ್ಕವರಿಗೆ ಝೆರಾಕ್ಸ್ ಕೊಡಬೇಡಿ. ವಾಸದ ಕಾರ್ಡು ಮಾತ್ರ ಹಾಲು ತರಲು ಹೋದರೂ ಜೇಬಿನಲ್ಲಿರಬೇಕು, ಅದು ಕಾನೂನು.

ಇನ್ನು ಬ್ಯಾಂಕು ಮತ್ತು ಫೋನು. ಖಾತೆ ತೆರೆಯಲು ಫೋನ್ ನಂಬರ್ ಬೇಕು ಅಂತಾರೆ, ಫೋನ್ ಕೊಳ್ಳಲು ಖಾತೆ ಬೇಕು ಅಂತಾರೆ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ. ಇದಕ್ಕೆ ಸುಲಭ ದಾರಿ ಶಾಲೆಯ ಅಥವಾ ಕಂಪನಿಯ ಫೋನ್ ನಂಬರ್ ಕೊಟ್ಟು ಅಂಚೆ ಕಚೇರಿಯ ಬ್ಯಾಂಕಿನಲ್ಲಿ ಖಾತೆ ತೆರೆಯುವುದು. ಹಳ್ಳಿಯಲ್ಲೂ ಅಂಚೆ ಕಚೇರಿ ಇದ್ದೇ ಇರುತ್ತದೆ. ಹಾಂಕೊ ಎಂಬ ಸಣ್ಣ ಮೊಹರು ಒಂದು ಮಾಡಿಸಿ. ಈಗ ಎಷ್ಟೋ ಕಡೆ ಸಹಿ ನಡೆಯುತ್ತದೆ, ಆದರೂ ನನ್ನ ಶಾಲೆಯಲ್ಲಿ ದಿನಾ ಬೆಳಿಗ್ಗೆ ಹಾಜರಿ ಪುಸ್ತಕಕ್ಕೆ ಮೊಹರೇ ಒತ್ತಬೇಕಿತ್ತು.

ಈಗ ಸೋಪು. ಹೊಸ ಮನೆಗೆ ಬಂದವರು ಅಕ್ಕಪಕ್ಕದ ಮನೆಗಳಿಗೆ ಸಣ್ಣದೊಂದು ವಸ್ತು ಹಿಡಿದು ಹೋಗಿ ಪರಿಚಯ ಹೇಳಿಕೊಳ್ಳುವುದು ಅಲ್ಲಿಯ ಹಳೆಯ ಪದ್ಧತಿ. ಪಟ್ಟಣಗಳಲ್ಲಿ ಕಮ್ಮಿಯಾಗುತ್ತಿದೆ, ಹಳ್ಳಿಯಲ್ಲಿ ಇನ್ನೂ ಇದೆ. ಎರಡೂ ಕೈಯಲ್ಲಿ ಸೋಪು ಕೊಟ್ಟು, ಹೆಸರು ಹೇಳಿ, ‘ಯೊರೊಶಿಕು ಒನೆಗಾಯ್ ಶಿಮಾಸ್’ (ಇನ್ನು ಮುಂದೆ ನಿಮ್ಮ ದಯೆ ಇರಲಿ) ಅನ್ನಿ. ಆಮೇಲೆ ಕಸದ ಕ್ಯಾಲೆಂಡರ್ ತೋರಿಸಿ ‘ಇದು ನನಗೆ ಗೊತ್ತಾಗಲಿಲ್ಲ’ ಎಂದು ಮುಖ ಮಾಡಿ. ನಾನು ಈ ಕೆಲಸವನ್ನು ಚೀಟಿ ಅಂಟಿಸಿಕೊಂಡ ಮೇಲೆ ಮಾಡಿದೆ.

ಕಸದ ಲೆಕ್ಕ ಊರಿಂದೂರಿಗೆ ಬೇರೆ. ನಮ್ಮೂರಿನದು ಹೀಗಿತ್ತು: ಸುಡುವ ಕಸ ವಾರಕ್ಕೆ ಎರಡು ದಿನ, ಪ್ಲಾಸ್ಟಿಕ್ ಕವರು ಒಂದು ದಿನ, ಬಾಟಲಿ ಡಬ್ಬಿ ಎರಡು ವಾರಕ್ಕೊಮ್ಮೆ, ಸುಡದ ಕಸ ತಿಂಗಳಿಗೊಮ್ಮೆ. ಪ್ರತಿಯೊಂದಕ್ಕೂ ಊರಿನ ಹೆಸರು ಅಚ್ಚಾದ ಚೀಲ, ಅಂಗಡಿಯಲ್ಲಿ ದುಡ್ಡು ಕೊಟ್ಟು ತರಬೇಕು. ಪ್ಲಾಸ್ಟಿಕ್ ಬಾಟಲಿಯಾದರೆ ಮುಚ್ಚಳ ಬೇರೆ, ಮೇಲಿನ ಲೇಬಲ್ ಬೇರೆ, ತೊಳೆದು, ಒತ್ತಿ ಚಪ್ಪಟೆ ಮಾಡಿ. ಪೇಪರ್ ಅಡ್ಡ ಉದ್ದ ದಾರ ಹಾಕಿ ಕಟ್ಟಬೇಕು, ಮದುವೆ ಮನೆಯ ಬಾಳೆಎಲೆ ಕಟ್ಟಿನ ಹಾಗೆ. ಇಡುವುದು ಬೆಳಿಗ್ಗೆ 8ರೊಳಗೆ, ಹಿಂದಿನ ರಾತ್ರಿ ಇಟ್ಟರೆ ಕಾಗೆ ಎಳೆದಾಡುತ್ತದೆ. ಇಷ್ಟೆಲ್ಲ ಯಾಕೆ ಬರೆದೆ ಎಂದರೆ, ಆ ಊರಿನಲ್ಲಿ ನಿಮ್ಮ ಬಗ್ಗೆ ಜನ ಏನು ಅಂದುಕೊಳ್ಳುತ್ತಾರೆ ಎಂಬುದು ನಿಮ್ಮ ಇಂಗ್ಲಿಷಿನಿಂದ ತೀರ್ಮಾನ ಆಗುವುದಿಲ್ಲ. ಇದರಿಂದ ಆಗುತ್ತದೆ.

ಶಾಲೆಯೊಳಗೆ

ಶಾಲೆಯ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಮೊದಲ ದಿನ ಬಾಗಿಲಲ್ಲೇ ಬೂಟು ಬಿಚ್ಚಿ, ಒಳಗೆ ಮಾತ್ರ ಹಾಕುವ ಶೂ (ಉವಾಬಾಕಿ) ಹಾಕಬೇಕು. ಚಪ್ಪಲಿ ಹೊರಗೆ ಬಿಡುವುದು ನಮಗೆ ಹೊಸತಲ್ಲ, ಆದರೆ ನಮ್ಮಂತೆ ಬರಿಗಾಲಲ್ಲಿ ಓಡಾಡುವ ಹಾಗಿಲ್ಲ. ಜಿಮ್‌ ಹಾಲಿಗೆ ಇನ್ನೊಂದು ಜೊತೆ, ಟಾಯ್ಲೆಟ್ಟಿನಲ್ಲಿ ಅಲ್ಲಿಯದೇ ಚಪ್ಪಲಿ. ಟಾಯ್ಲೆಟ್ ಚಪ್ಪಲಿಯಲ್ಲೇ ಮರೆತು ಕಾರಿಡಾರಿಗೆ ಬರುವುದು ಪ್ರತಿ ವಿದೇಶಿಯೂ ಒಮ್ಮೆ ಮಾಡುವ ತಪ್ಪು. ನಾಲ್ಕನೇ ಕ್ಲಾಸಿನ ಮಕ್ಕಳು ಅದನ್ನು ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತಾರೆ.

ನಿಮಗೆ ಬೇಕಾದ ಮನುಷ್ಯ ಹೆಡ್‌ಮಾಸ್ಟರ್ ಅಲ್ಲ, ವೈಸ್ ಪ್ರಿನ್ಸಿಪಾಲ್, ಅಂದರೆ ‘ಕ್ಯೋತೋ ಸೆನ್ಸೇ’. ಸ್ಟಾಫ್ ರೂಮಿನ ನಡುವೆ ಕೂತಿರುತ್ತಾರೆ, ಎಲ್ಲರಿಗಿಂತ ಮುಂಚೆ ಬಂದು ಎಲ್ಲರಿಗಿಂತ ತಡವಾಗಿ ಹೋಗುತ್ತಾರೆ. ರಜೆ, ಊಟ, ಹೀಟರ್, ಬೀಗದ ಕೈ ಎಲ್ಲ ಅವರದೇ. ಏನಾದರೂ ಕೇಳಬೇಕಿದ್ದರೆ ಬಾಯಲ್ಲಿ ಕೇಳುವುದಕ್ಕಿಂತ ಒಂದು ಚೀಟಿಯಲ್ಲಿ ಮೂರು ಪ್ರಶ್ನೆ ಬರೆದು ಕೊಡಿ. ಇಂಗ್ಲಿಷ್ ಮಾತಾಡಬೇಕಲ್ಲ ಎಂಬ ಹೆದರಿಕೆ ಅವರಿಗೂ ಇರುತ್ತದೆ. ಚೀಟಿ ಕೊಟ್ಟರೆ ಸಂಜೆಯೊಳಗೆ ಉತ್ತರ ಬರೆದು ಮೇಜಿನ ಮೇಲೆ ಇಟ್ಟಿರುತ್ತಾರೆ.

ಮೂರು ಮಾತು ಬಾಯಿಪಾಠ ಮಾಡಿ. ಬಂದ ಕೂಡಲೇ ಇಡೀ ರೂಮಿಗೆ ಕೇಳುವಂತೆ ‘ಒಹಾಯೋ ಗೊಝಾಯ್ಮಾಸ್’, ಅಂದರೆ ಗುಡ್ ಮಾರ್ನಿಂಗ್. ಕೆಲಸದ ನಡುವೆ, ಕೊನೆಗೆ, ಎದುರು ಸಿಕ್ಕಾಗ ‘ಒತ್ಸುಕಾರೆಸಮಾ ದೆಸ್’, ಅಂದರೆ ದುಡಿದು ದಣಿದಿದ್ದೀರಿ, ಧನ್ಯವಾದ. ಮನೆಗೆ ಹೊರಡುವಾಗ ‘ಒಸಾಕಿ ನಿ ಶಿತ್ಸುರೇ ಶಿಮಾಸ್’, ಅಂದರೆ ನಿಮಗಿಂತ ಮುಂಚೆ ಹೋಗುತ್ತಿದ್ದೇನೆ, ಕ್ಷಮಿಸಿ. ನಮ್ಮಲ್ಲಿ ಯಾರೂ ‘ಹೋಗ್ತೀನಿ’ ಅನ್ನದೆ ‘ಹೋಗಿಬರ್ತೀನಿ’ ಅನ್ನುತ್ತಾರಲ್ಲ, ಅದೇ ಮರ್ಯಾದೆ. ಹೇಳದೆ ಎದ್ದು ಹೋದರೆ ಯಾರೂ ಏನೂ ಅನ್ನುವುದಿಲ್ಲ, ಆದರೆ ಗಮನಿಸಿರುತ್ತಾರೆ.

ಕ್ಲಾಸಿನ ವಿಷಯ ಚುಟುಕಾಗಿ ಹೇಳುತ್ತೇನೆ. 2020ರಿಂದ ಪ್ರೈಮರಿ 5 ಮತ್ತು 6ನೇ ತರಗತಿಗೆ ಇಂಗ್ಲಿಷ್ ಪೂರ್ಣ ವಿಷಯವಾಗಿ ವರ್ಷಕ್ಕೆ 70 ಪೀರಿಯಡ್, 3 ಮತ್ತು 4ಕ್ಕೆ ಆಟಪಾಟದ ರೀತಿಯಲ್ಲಿ 35. ಪ್ರೈಮರಿಯಲ್ಲಿ ಪೀರಿಯಡ್ ಎಂದರೆ 45 ನಿಮಿಷ, ಮಿಡ್ಲ್ ಸ್ಕೂಲಿನಲ್ಲಿ 50. ನೀವು ಒಬ್ಬರೇ ಕಲಿಸುವುದಲ್ಲ, ಜಪಾನಿ ಟೀಚರ್ ಜೊತೆಗಿರುತ್ತಾರೆ. ಅವರ ಇಂಗ್ಲಿಷನ್ನು ಮಕ್ಕಳ ಎದುರು ತಿದ್ದಬೇಡಿ. ‘ಯಾರು ಹೇಳುತ್ತೀರಿ?’ ಎಂದು ಕೇಳಿದರೆ ಮೂವತ್ತು ಮಕ್ಕಳೂ ಮೇಜು ನೋಡುತ್ತಾರೆ. ಮೊದಲ ವಾರ ನನಗೆ ಅಳು ಬಂದಿತ್ತು. ಗೊತ್ತಿಲ್ಲ ಅಂತಲ್ಲ, ಎಲ್ಲರ ಮುಂದೆ ಒಬ್ಬರೇ ತಪ್ಪಾಗುವುದು ಅವರಿಗೆ ಬೇಡ. ಮೊದಲು ಪಕ್ಕದವರ ಜೊತೆ ಎರಡು ನಿಮಿಷ ಮಾತಾಡಲು ಬಿಡಿ, ಆಮೇಲೆ ಜೋಡಿಯಾಗಿ ಎಬ್ಬಿಸಿ. ಯಾರು ಮೊದಲು ಎಂಬ ಜಗಳ ಬಂದರೆ ‘ಜಾನ್‌ಕೆನ್’ ಎಂದರೆ ಸಾಕು, ಕಲ್ಲು ಕಾಗದ ಕತ್ತರಿ ಆಡಿ ಅವರೇ ತೀರ್ಮಾನಿಸಿಕೊಳ್ಳುತ್ತಾರೆ. ನಿಮ್ಮ ಉಚ್ಚಾರಣೆ ಅಮೆರಿಕದವರ ಹಾಗಿಲ್ಲ ಎಂದು ಮಕ್ಕಳು ತಲೆ ಕೆಡಿಸಿಕೊಳ್ಳುವುದಿಲ್ಲ. ಕೆಡಿಸಿಕೊಳ್ಳುವವರು ನೀವೇ.

ಊಟವಾದ ಮೇಲೆ ಹದಿನೈದು ಇಪ್ಪತ್ತು ನಿಮಿಷ ಇಡೀ ಶಾಲೆ ಕಸಬರಿಕೆ ಹಿಡಿಯುತ್ತದೆ. ಟೀಚರುಗಳೂ. ನೀವೂ ಬಟ್ಟೆ ಹಿಡಿದು ನೆಲ ಒರೆಸಲು ಕೂತರೆ, ಒಂದು ತಿಂಗಳ ಪಾಠದಲ್ಲಿ ಆಗದ ಸಲುಗೆ ಆ ಒಂದೇ ವಾರದಲ್ಲಿ ಆಗುತ್ತದೆ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿಯೊಬ್ಬಳು ಬಕೆಟ್ ಪಕ್ಕ ಕೂತು ನನಗೆ ಇಂಗ್ಲಿಷಿನಲ್ಲಿ ತನ್ನ ನಾಯಿಯ ಪೂರ್ತಿ ಚರಿತ್ರೆ ಹೇಳಿದ್ದಳು.

ಊಟ: ಸಸ್ಯಾಹಾರಿಗಳು ಇಲ್ಲಿ ನಿಧಾನವಾಗಿ ಓದಿ

ಕ್ಯೂಶೊಕು ಎಂಬ ಶಾಲೆಯ ಊಟ ಎಲ್ಲರಿಗೂ ಒಂದೇ. ತರಕಾರಿ ಸೂಪು ಅಂದರೂ ಅದರ ತಳದಲ್ಲಿ ದಾಶಿ ಇರುತ್ತದೆ, ಬಹುತೇಕ ಒಣಗಿಸಿದ ಕಾತ್ಸುವೊ ಮೀನಿನಿಂದ ತೆಗೆದ ರಸ. ಮೀನಿನ ತುಂಡು ಕಾಣದಿದ್ದರೆ ಅದು ಅವರ ಲೆಕ್ಕದಲ್ಲಿ ತರಕಾರಿಯೇ. ‘ನಾನು ವೆಜಿಟೇರಿಯನ್’ ಎಂದರೆ ಕೆಲಸಕ್ಕೆ ಬರುವುದಿಲ್ಲ. ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ ಎಂದು ಒಂದೊಂದಾಗಿ ಜಪಾನಿಯಲ್ಲಿ ಬರೆದ ಚೀಟಿಯನ್ನು ವೈಸ್ ಪ್ರಿನ್ಸಿಪಾಲರಿಗೆ ಕೊಟ್ಟು, ಬುತ್ತಿ ತರುತ್ತೇನೆ ಎಂದು ಮೊದಲ ವಾರವೇ ತಿಳಿಸಿ. ಊಟದ ದುಡ್ಡು ಸಂಬಳದಿಂದ ಕಡಿಯುವ ಮುಂಚೆ ಹೇಳಬೇಕು. ಬುತ್ತಿ ತಂದರೂ ಮಕ್ಕಳ ಜೊತೆಗೇ ಕೂತು, ‘ಇತದಾಕಿಮಾಸ್’ ಎಂದು ಕೈಮುಗಿದು ಶುರು ಮಾಡಿ. ನನ್ನ ಚಿತ್ರಾನ್ನದ ಹಳದಿ ಬಣ್ಣದ ಬಗ್ಗೆ ವಾರಕ್ಕೊಮ್ಮೆ ವಿಚಾರಣೆ ನಡೆಯುತ್ತಿತ್ತು.

ಅಂಗಡಿಯಲ್ಲಿ ಕರಿ ಎಂದು ಮಾರುವ ಗಟ್ಟಿ ಮಸಾಲೆ ತುಂಡಿನಲ್ಲಿ ದನದ ಕೊಬ್ಬು ಇರುವುದು ಸಾಮಾನ್ಯ. ನಾತ್ತೋ (ಹುದುಗಿಸಿದ ಸೋಯಾ ಕಾಳು) ಜೊತೆ ಬರುವ ಸಣ್ಣ ಪ್ಯಾಕೆಟ್ ಸಾರಿನಲ್ಲೂ ಮೀನಿನ ಅಂಶ ಇರುತ್ತದೆ, ಅದನ್ನು ಬಿಟ್ಟು ಸೋಯಾ ಸಾಸ್ ಹಾಕಿಕೊಳ್ಳಿ. ಫೋನಿನ ಕ್ಯಾಮೆರಾದಲ್ಲಿ ಅನುವಾದ ನೋಡುವುದು ಅಭ್ಯಾಸ ಆಗುವವರೆಗೆ ಒಂದು ಅಂಗಡಿ ಸುತ್ತಲು ಎರಡು ಗಂಟೆ ಬೇಕು.

ಮನೆ ಅಡುಗೆಗೆ ಕೊರತೆಯಿಲ್ಲ. ತೋಕ್ಯೋದ ನಿಶಿ ಕಸಾಯ್‌ನಲ್ಲಿ ಭಾರತದವರು ತುಂಬಿದ್ದಾರೆ, ದಿನಸಿ ಅಂಗಡಿಗಳಿವೆ. ಹಳ್ಳಿಯಲ್ಲಿರುವವರು ಆನ್‌ಲೈನ್ ಅಂಗಡಿಯಿಂದ ತೊಗರಿಬೇಳೆ, ಉದ್ದಿನಬೇಳೆ ತರಿಸಿಕೊಂಡರಾಯಿತು. ಅಲ್ಲಿಯ ಅಂಟಂಟು ಅಕ್ಕಿ ಮೊಸರನ್ನಕ್ಕೆ ದೇವರು ಕೊಟ್ಟದ್ದು, ಪುಳಿಯೋಗರೆಗೆ ಮಾತ್ರ ಬೇಡ. ಸಕ್ಕರೆಯಿಲ್ಲದ ಮೊಸರಿನ ಡಬ್ಬಿಯಿಂದ ಒಂದು ಚಮಚ ತೆಗೆದು ಮನೆಯಲ್ಲೇ ಹೆಪ್ಪು ಹಾಕಬಹುದು. ಕುಕ್ಕರ್ ಸೀಟಿಗೆ ಮಾತ್ರ ಎಚ್ಚರ: ತೆಳು ಗೋಡೆಯ ಅಪಾರ್ಟ್‌ಮೆಂಟಿನಲ್ಲಿ ರಾತ್ರಿ 9ರ ಮೇಲೆ ಮೂರು ಸೀಟಿ ಹೊಡೆಸಿದರೆ ಯಾರೂ ಬಾಗಿಲು ಬಡಿಯುವುದಿಲ್ಲ, ಮರುದಿನ ಮಾಲೀಕರಿಂದ ಬಹಳ ವಿನಯದ ಪತ್ರ ಬರುತ್ತದೆ.

ಡಿಸೆಂಬರ್ ಬಂದಾಗ

ಮಲೆನಾಡಿನ ಮಳೆಗಾಲ ಕಂಡವಳು ನಾನು, ಚಳಿ ಏನು ಮಹಾ ಅಂದುಕೊಂಡಿದ್ದೆ. ನೀಗಾತಾ ಕಡೆಯ ಹಿಮ ಒದ್ದೆ ಹಿಮ, ಭಾರ. ಒಂದು ರಾತ್ರಿಯಲ್ಲಿ ಕಾರು ಮುಚ್ಚಿಹೋಗುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಒಂದು ಗಂಟೆ ಮುಂಚೆ ಎದ್ದು ಸಲಿಕೆ ಹಿಡಿಯಬೇಕು. ಮನೆಗಳಲ್ಲಿ ಇಡೀ ಮನೆ ಬೆಚ್ಚಗಿಡುವ ವ್ಯವಸ್ಥೆ ಇರುವುದು ಅಪರೂಪ. ಕೂತ ಕೋಣೆಯನ್ನು ಮಾತ್ರ ಸೀಮೆಎಣ್ಣೆ ಹೀಟರಿನಿಂದ ಬೆಚ್ಚಗಾಗಿಸುತ್ತಾರೆ. ಸೀಮೆಎಣ್ಣೆಯನ್ನು ಪೆಟ್ರೋಲ್ ಬಂಕಿನಲ್ಲಿ 18 ಲೀಟರ್ ಕ್ಯಾನಿಗೆ ತುಂಬಿಸಿಕೊಳ್ಳಬೇಕು. ಆಗಾಗ ಕಿಟಕಿ ತೆಗೆಯಿರಿ, ಮಲಗುವಾಗ ಆರಿಸಿ. ಮೈನಸ್ ಡಿಗ್ರಿ ಎಂದು ಹವಾಮಾನ ವರದಿ ಬಂದ ರಾತ್ರಿ ನಲ್ಲಿಯ ಪೈಪಿನ ನೀರು ಖಾಲಿ ಮಾಡಿ ಮಲಗಬೇಕು, ಅದರ ವಾಲ್ವ್ ಎಲ್ಲಿದೆ ಎಂದು ನವೆಂಬರಿನಲ್ಲೇ ಅಕ್ಕಪಕ್ಕದವರನ್ನು ಕೇಳಿ.

ಒಂದು ಕೊತಾತ್ಸು ಕೊಂಡುಕೊಳ್ಳಿ. ಗಿಡ್ಡ ಮೇಜು, ಅದರಡಿ ಸಣ್ಣ ಹೀಟರ್, ಮೇಲೆ ಹೊದಿಕೆ. ಕಾಲು ತೂರಿಸಿ ಕೂತರೆ ಏಳಲು ಮನಸ್ಸಾಗುವುದಿಲ್ಲ. ಅದಕ್ಕಿಂತ ಮುಖ್ಯ, ಜನವರಿಯಲ್ಲಿ ಇಡ್ಲಿ ಹಿಟ್ಟು ಹುದುಗಬೇಕೆಂದರೆ ಇಡೀ ಮನೆಯಲ್ಲಿ ಅದೊಂದೇ ಜಾಗ. ಪಾತ್ರೆಯನ್ನು ಟವಲಿನಲ್ಲಿ ಸುತ್ತಿ, ಹೀಟರಿಗೆ ತಾಗದ ಹಾಗೆ ಮೂಲೆಯಲ್ಲಿಟ್ಟು, ಸಂಜೆಯೆಲ್ಲ ನೀವೂ ಅದರ ಜೊತೆಗೇ ಕೂತಿರಿ. ಮಲಗುವ ಮುಂಚೆ ಹೀಟರ್ ಆರಿಸಿದರೂ ಹೊದಿಕೆಯೊಳಗಿನ ಕಾವು ಬೆಳಗಿನವರೆಗೆ ಸಾಕು.

ಕಾರು ಓಡಿಸುವವರಿಗೆ: ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಅಲ್ಲಿ ಗರಿಷ್ಠ ಒಂದು ವರ್ಷ ನಡೆಯುತ್ತದೆ. ನಮ್ಮಂತೆಯೇ ಎಡಗಡೆ ಸಂಚಾರ. ವರ್ಷ ಮುಗಿಯುವ ಮುಂಚೆ ಜಪಾನಿ ಲೈಸೆನ್ಸಿಗೆ ಬದಲಾಯಿಸಿಕೊಳ್ಳಬೇಕು. 2025ರ ಅಕ್ಟೋಬರಿನಿಂದ ಅದಕ್ಕೆ ಬರೆಯಬೇಕಾದ ಲಿಖಿತ ಪರೀಕ್ಷೆ 10 ಪ್ರಶ್ನೆಯಿಂದ 50ಕ್ಕೆ ಏರಿದೆ, ಪಾಸಾಗಲು ಶೇ. 90 ಬೇಕು. ರೈಲ್ವೆ ಗೇಟು ತೆರೆದಿದ್ದರೂ ಪೂರ್ತಿ ನಿಲ್ಲಿಸಿಯೇ ದಾಟಬೇಕು. ‘ನಿಧಾನ ಮಾಡಿದೆನಲ್ಲ’ ಎಂಬ ನಮ್ಮ ವಾದ ಅಲ್ಲಿ ನಡೆಯದು.

ಭೂಕಂಪದ ಎಚ್ಚರಿಕೆ ಎಲ್ಲರ ಫೋನಿನಲ್ಲೂ ಒಟ್ಟಿಗೆ ಕಿರುಚುತ್ತದೆ. 2024ರ ಜನವರಿ 1ರಂದು ನೋತೋ ಪರ್ಯಾಯದ್ವೀಪದಲ್ಲಿ ಆದ 7.6ರ ಭೂಕಂಪ ನೀಗಾತಾವನ್ನೂ ಜೋರಾಗಿ ಅಲುಗಾಡಿಸಿತ್ತು. ನಿಮ್ಮ ಆಶ್ರಯ ತಾಣ ಯಾವುದು ಎಂದು ಮೊದಲ ತಿಂಗಳೇ ನಡೆದು ನೋಡಿ ಬನ್ನಿ. ಹೆಚ್ಚಿನ ಕಡೆ ಅದು ನೀವು ಕಲಿಸುವ ಶಾಲೆಯೇ ಆಗಿರುತ್ತದೆ. ಪೊಲೀಸಿಗೆ 110, ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119.

ಬೇಸರ ಮತ್ತು ದುಡ್ಡು

ಮೊದಲ ಮೂರು ತಿಂಗಳು ಎಲ್ಲವೂ ಚಂದ. ನವೆಂಬರಿನಲ್ಲಿ ನಾಲ್ಕೂವರೆಗೆ ಕತ್ತಲಾಗಲು ಶುರುವಾದಾಗ ಮನೆ ನೆನಪಾಗುತ್ತದೆ. ನಮಗಿಂತ ಅಲ್ಲಿ ಮೂರೂವರೆ ಗಂಟೆ ಮುಂದೆ. ಊಟ ಮುಗಿಸಿ ಅಮ್ಮ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ನಿಮಗೆ ಹನ್ನೆರಡೂವರೆ. ಮನೆಯವರಿಗೆ ಸಂಜೆ ಐದೂವರೆಯ ಕಾಫಿ ಹೊತ್ತು ಗೊತ್ತು ಮಾಡಿಬಿಡಿ. ಕೋಮಿನ್‌ಕಾನ್ ಎಂಬ ಸಮುದಾಯ ಭವನ ಪ್ರತಿ ಊರಿನಲ್ಲೂ ಇರುತ್ತದೆ, ನಿವೃತ್ತರು ಪುಕ್ಕಟೆಯಾಗಿಯೋ ಚಿಲ್ಲರೆ ದುಡ್ಡಿಗೋ ಜಪಾನಿ ಕಲಿಸುತ್ತಾರೆ. ಭಾಷೆಗಿಂತ ಹೆಚ್ಚಾಗಿ, ವಾರಕ್ಕೊಮ್ಮೆ ನಿಮ್ಮನ್ನು ತಿದ್ದಲು ಒಪ್ಪುವ ಜನ ಅಲ್ಲಿ ಸಿಗುತ್ತಾರೆ. ನನಗೆ ಸಿಕ್ಕಿದ್ದು ಒಬ್ಬ ನಿವೃತ್ತ ಅಂಚೆ ಅಧಿಕಾರಿ. ಆರು ತಿಂಗಳಿಂದ ನಾನು ತಪ್ಪಾಗಿ ಹೇಳುತ್ತಿದ್ದ ನಮಸ್ಕಾರವನ್ನು ಮೊದಲ ದಿನವೇ ತಿದ್ದಿದರು. ಖುಷಿಯಾಯಿತು.

ರಜೆಗೆ ಎಲ್ಲಿಗೇ ಹೋಗಿ ಬಂದರೂ ಸ್ಟಾಫ್ ರೂಮಿಗೆ ತಿಂಡಿ ತರಬೇಕು. ಬಿಡಿಬಿಡಿಯಾಗಿ ಸುತ್ತಿರುವುದು, ತಲೆಗೊಂದು ಬರುವಷ್ಟು. ನಾನು ಮೊದಲ ಸಲ ಒಂದು ದೊಡ್ಡ ಡಬ್ಬಿ ಮೈಸೂರುಪಾಕು ತಂದು ತೆರೆದಿಟ್ಟೆ. ಒಬ್ಬರೂ ಕೈ ಹಾಕಲಿಲ್ಲ. ಮರುದಿನ ಒಂದೊಂದನ್ನೂ ಕಾಗದದಲ್ಲಿ ಸುತ್ತಿ ಮೇಜಿಗೊಂದು ಇಟ್ಟೆ, ಹತ್ತು ನಿಮಿಷದಲ್ಲಿ ಖಾಲಿ.

ದುಡ್ಡಿನ ವಿಷಯದಲ್ಲಿ ಎರಡು ಮಾತು. ಸ್ಥಳೀಯ ವಾಸದ ತೆರಿಗೆಯನ್ನು ಹಿಂದಿನ ವರ್ಷದ ಆದಾಯದ ಮೇಲೆ ಹಾಕುತ್ತಾರೆ, ಸುಮಾರು ಶೇ. 10. ಮೊದಲ ವರ್ಷ ಬಾರದ್ದರಿಂದ ಕೈತುಂಬ ಸಂಬಳ ಅನ್ನಿಸುತ್ತದೆ, ಎರಡನೇ ವರ್ಷದ ಜೂನಿನಿಂದ ಬಿಲ್ಲು ಶುರು. ಅಷ್ಟನ್ನು ಮೊದಲ ತಿಂಗಳಿಂದಲೇ ಬೇರೆ ಇಡಿ. ಇನ್ನೊಂದು ಪಿಂಚಣಿ: ಕನಿಷ್ಠ ಆರು ತಿಂಗಳು ಕಟ್ಟಿದ್ದರೆ, ದೇಶ ಬಿಟ್ಟ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಿ ಒಂದಿಷ್ಟು ಭಾಗ ಒಟ್ಟಿಗೆ ವಾಪಸ್ ಪಡೆಯಬಹುದು. ಪಿಂಚಣಿ ಪುಸ್ತಕ ಅಥವಾ ನಂಬರ್ ಇರುವ ಕಾಗದವನ್ನು ಹಳೇ ಪೇಪರಿನ ಜೊತೆ ಕಟ್ಟಿ ಹಾಕಬೇಡಿ.

ಬಿಟ್ಟು ಬರುವಾಗ

ಮಾರ್ಚ್ ಕೊನೆಯಲ್ಲಿ ಟೀಚರುಗಳ ವರ್ಗಾವಣೆ ಪಟ್ಟಿ ಬರುತ್ತದೆ, ಅದೇ ವಾರ ಊರೆಲ್ಲ ಮನೆ ಬದಲಾಯಿಸುತ್ತದೆ. ನೀವು ಹೊರಡುವುದೂ ಆಗಲೇ. ಮಂಚ, ಮೇಜಿನಂಥ ದೊಡ್ಡ ಸಾಮಾನು ಎಸೆಯಲು ಮುಂಚೆಯೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಂಡು, ದುಡ್ಡು ಕೊಟ್ಟ ಚೀಟಿ ಅಂಟಿಸಿ ಇಡಬೇಕು. ಫೆಬ್ರುವರಿ ಕೊನೆಗೇ ಬುಕ್ ಮಾಡಿ. ಫ್ರಿಜ್, ಟಿವಿ, ವಾಷಿಂಗ್ ಮಷೀನ್, ಎಸಿ ಈ ನಾಲ್ಕನ್ನು ಊರಿನ ಕಸದವರು ಮುಟ್ಟುವುದಿಲ್ಲ. 2001ರಿಂದ ಇದಕ್ಕೆ ಬೇರೆ ಕಾನೂನೇ ಇದೆ, ಮರುಬಳಕೆ ಶುಲ್ಕ ನೀವೇ ಕಟ್ಟಬೇಕು. ಅದಕ್ಕಿಂತ ಮುಂದೆ ಬರುವ ಟೀಚರಿಗೆ ಬಿಟ್ಟು ಬರುವುದು ಸುಲಭ. ನನ್ನ ಜಾಗಕ್ಕೆ ಬಂದವರಿಗೆ ಫ್ರಿಜ್ ಬಿಟ್ಟು ಬಂದೆ. ಬಾಗಿಲ ಮೇಲೆ ಕಸದ ಕ್ಯಾಲೆಂಡರ್ ಅಂಟಿಸಿ, ಯಾವ ದಿನ ಯಾವ ಚೀಲ ಎಂದು ಇಂಗ್ಲಿಷಿನಲ್ಲಿ ಬರೆದು, ಕೆಳಗೆ ಪಕ್ಕದ ಮನೆ ಅಜ್ಜಿಯ ಬಾಗಿಲು ಯಾವುದು ಎಂದು ಬಾಣ ಹಾಕಿ ತೋರಿಸಿದ್ದೆ. ಒಳಗೆ, ಮೊಟ್ಟೆ ಇಡುವ ಗೂಡಿನಲ್ಲಿ, ಉಳಿದಿದ್ದ ಎರಡು ಸೋಪು.